ವೀಲ್‌ಚೇರ್‌ನಲ್ಲಿರುವ ನನ್ನ ಮಗಳು ಹಾಸನದ ನೃತ್ಯ ತರಗತಿಯಲ್ಲಿ ಬೇರೆ ಮಕ್ಕಳ ಜೊತೆ ಕುಣಿಯಬಹುದಾ?

ಖಂಡಿತ ಕುಣಿಯಬಹುದು. ಆದರೆ ಅವಳನ್ನು ಸುಮ್ನೆ ಮಧ್ಯದಲ್ಲಿ ಕೂರಿಸಿ ಉಳಿದವರು ಸುತ್ತ ಕುಣಿದರೆ ಅದು ಜೊತೆಯಾಗಿ ಕುಣಿದಂತೆ ಅಲ್ಲ, ಅಲ್ವಾ?

ಲಂಡನ್ನಿನ ಕ್ಯಾಂಡೋಕೊ ನೃತ್ಯ ತಂಡ ವೀಲ್‌ಚೇರ್‌ನವರನ್ನೂ ಉಳಿದವರನ್ನೂ ನಿಜಕ್ಕೂ ಜೊತೆಯಾಗಿ ಕುಣಿಸುವ ಕೆಲಸವನ್ನು 1991ರಲ್ಲೇ ಶುರು ಮಾಡಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಸೆಲೆಸ್ಟ್ ಡ್ಯಾಂಡೆಕರ್ ವೇದಿಕೆಯ ಮೇಲೆಯೇ ಬಿದ್ದು ವೀಲ್‌ಚೇರ್ ಹಿಡಿದ ನರ್ತಕಿ. ಅಲ್ಲಿ ಕುರ್ಚಿಯ ಉರುಳು, ತಿರುವು, ಜಾರು ಎಲ್ಲವೂ ಹೆಜ್ಜೆಗಳೇ. ನಿಂತವರು ಕುರ್ಚಿಗೆ ಒರಗುತ್ತಾರೆ, ಭಾರ ಕೊಡುತ್ತಾರೆ, ನೆಲಕ್ಕೂ ಇಳಿಯುತ್ತಾರೆ.

ನಮ್ಮ ಭರತನಾಟ್ಯಕ್ಕೆ ಬಂದರೆ, ಅರಮಂಡಿ, ಅಂದರೆ ಮಂಡಿ ಮಡಚಿ ಅರ್ಧ ಕೂತ ಭಂಗಿ, ಆಗದಿರಬಹುದು. ಆದರೆ ಒಂಟಿ ಕೈಯ ಮುದ್ರೆಗಳೇ 28 ಇವೆ. ಕಣ್ಣು, ಕತ್ತು, ಮುಖದ ಅಭಿನಯ ಬೇರೆ. ಬೇಲೂರಿನ ದರ್ಪಣ ಸುಂದರಿ ಶಿಲ್ಪವನ್ನು ನೋಡಿ: ಕನ್ನಡಿ ಹಿಡಿದ ಕೈ, ವಾಲಿದ ಕತ್ತು ಎಷ್ಟು ಹೇಳುತ್ತವೆ! ಕಾಲು ಕಳೆದುಕೊಂಡ ಸುಧಾ ಚಂದ್ರನ್ ಜೈಪುರದ ಕೃತಕ ಕಾಲು ಹಾಕಿಕೊಂಡು ಮತ್ತೆ ಭರತನಾಟ್ಯ ಮಾಡಿದ್ದು ನಿಮಗೂ ಗೊತ್ತಿರಬಹುದು.

ತರಗತಿಯಲ್ಲಿ ಗುರುಗಳು 'ಕಾಲು ತಟ್ಟಿ' ಅನ್ನುವ ಬದಲು 'ತಾಳ ತೋರಿಸಿ' ಅನ್ನಲಿ. ಒಬ್ಬಳು ಕಾಲಲ್ಲಿ ತೋರಿಸಲಿ, ನಿಮ್ಮ ಮಗಳು ಕೈಯಲ್ಲಿ. ಕುರ್ಚಿಯ ಕೈಗಳು ಬಿಚ್ಚುವಂತಿದ್ದರೆ ತೋಳಿಗೆ ಜಾಗ ಜಾಸ್ತಿ. ನಮ್ಮ ಕಡೆಯ ಕೆಂಪು ಗಾರೆ ನೆಲದಲ್ಲಿ ಚಕ್ರ ಚೆನ್ನಾಗಿ ಉರುಳುತ್ತದೆ, ಮಳೆಗಾಲದಲ್ಲಿ ಮಾತ್ರ ಒರೆಸಿಕೊಳ್ಳಿ.

ಇನ್ನೊಂದು ಮಾತು. ಸಭಾಂಗಣದಲ್ಲಿ ಪ್ರೇಕ್ಷಕರಿಗೆ ರ‍್ಯಾಂಪ್ ಇದ್ದರೂ ವೇದಿಕೆಗೆ ಬರೀ ಮೆಟ್ಟಿಲು ಇರಬಹುದು. ಕಾರ್ಯಕ್ರಮ ಒಪ್ಪಿಕೊಳ್ಳುವ ಮೊದಲೇ ಹೋಗಿ ನೋಡಿಕೊಂಡು ಬನ್ನಿ.