ಟ್ರಾಲಿ ಇಲ್ಲಂದ್ರ ತಣ್ಣಗ, ಜನರೇಟರ್ ಟ್ರಾಲಿ ಕಟ್ಟಿದ್ರ ಹೀಟ್: ಹಳೇ ಪಿಕಪ್‌ದ ಹೆಡ್ ಇಳಿಸಬೇಕಾ?

ಟ್ರಾಲಿ ಕಟ್ಟಿದಾಗ ಪಿಕಪ್ ಹೀಟ್ ಆಗ್ತದ, ಗ್ಯಾರೇಜ್‌ನವರು ಹೆಡ್ (ಎಂಜಿನ್ನಿನ ಮ್ಯಾಲಿನ ಭಾಗ) ಇಳಿಸಬೇಕು ಅಂತಾರ, ಏನ್ ಮಾಡ್ಲಿ ಅಂತ ಕೇಳೀರಿ. ಸದ್ಯಕ್ಕ ಇಳಿಸಬ್ಯಾಡ್ರಿ. ನೀವು ಬರೆದಿದ್ರಾಗ ಕೆಲಸಕ್ಕ ಬರೂ ಮಾತು ಮೂರು ಅವ. ಬರೇ ಶಾಮಿಯಾನಾ ಸಾಮಾನು ಹೇರಿದ್ರ ಹೀಟ್ ಮೀಟರಿನ ಮುಳ್ಳು ಅರ್ಧಕ್ಕ ನಿಲ್ತದ. ಮದುವಿ ಸೀಸನ್‌ದಾಗ ಹಿಂದ ಜನರೇಟರ್ ಟ್ರಾಲಿ ಕಟ್ಟಿ ಕಲಬುರಗಿಯಿಂದ ಬೀದರ್ ಕಡೆ ಹೊಂಟ್ರ, ಕಮಲಾಪುರ ದಾಟೂದ್ರಾಗ ಕೆಂಪಿಗೆ ಹೋಗ್ತದ. ಗ್ಯಾರೇಜ್‌ನವರು ಥರ್ಮೋಸ್ಟ್ಯಾಟ್ ವಾಲ್ವ್ (ನೀರು ಬಿಸಿ ಆದಮ್ಯಾಲ ರೇಡಿಯೇಟರ್ ಕಡೆ ದಾರಿ ತೆರಿಯೂದು) ಕಿತ್ತು ಹಾಕ್ಯಾರ, ಆದ್ರೂ ಕಮ್ಮಿ ಆಗಿಲ್ಲ.

ನಾನು ಸೇಡಂ ರಿಂಗ್ ರೋಡ್ ಕಡೆ ರೇಡಿಯೇಟರ್ (ಎಂಜಿನ್ ಸುತ್ತ ಓಡಾಡೂ ನೀರನ್ನ ತಣ್ಣಗ ಮಾಡೂದು) ಕೆಲಸ ಮಾಡಾಂವ. ಎಲ್ಲಾ ತಪ್ಪೂ ರೇಡಿಯೇಟರ್ ಮ್ಯಾಲ ಹಾಕ್ತಾನ ಅಂದ್ಕೋಬ್ಯಾಡ್ರಿ, ಆದ್ರ ನಿಮ್ಮ ಗಾಡಿದು ಅದ ಕಥಿ ಅಂತ ನನಗ ಅನಸ್ತದ.

ಯಾಕಂದ್ರ, ಡೀಸೆಲ್ ಸುಟ್ಟ ಬಿಸಿಯೊಳಗ ಸುಮಾರು ಮೂರರಾಗ ಒಂದು ಪಾಲು ಅಷ್ಟ ಗಾಡಿ ಎಳೀತದ. ಉಳಿದದ್ದು ಸೈಲೆನ್ಸರ್‌ನಿಂದ ಹೋಗಬೇಕು, ಇಲ್ಲಾ ನೀರಿನಿಂದ ಹೋಗಬೇಕು. ಟ್ರಾಲಿ ಕಟ್ಟಿ ಏರು ಹತ್ತಿದ್ರ ಸುಡೂ ಡೀಸೆಲ್ ಹೆಚ್ಚಾಗ್ತದ, ನೀರಿಗೆ ಬೀಳೂ ಬಿಸಿನೂ ಹೆಚ್ಚಾಗ್ತದ. ಬೀದರ್ ನಮ್ಮ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಾಗ ಅದ. ಅದರ ಜೋಡಿ ಮೇ ತಿಂಗಳದಾಗ ಹೊರಗಿನ ಗಾಳಿನೇ 42–43 ಡಿಗ್ರಿ. ಅರ್ಧ ಕಟ್ಟಿಕೊಂಡ ರೇಡಿಯೇಟರ್ ಟ್ರಾಲಿ ಇಲ್ಲದ ಗಾಡಿನ್ನ ಹ್ಯಾಂಗರ ಸಂಭಾಳಿಸ್ತದ, ಟ್ರಾಲಿ ಕಟ್ಟಿದ ದಿನ ಕೈ ಎತ್ತತದ.

ಕಟ್ಟಿಕೊಳ್ಳೂದು ಯಾಕ ಅಂದ್ರ ನಮ್ಮ ನೀರು. ಶಹಾಬಾದ್, ವಾಡಿ, ಸೇಡಂ, ಎಲ್ಲಾ ಸುಣ್ಣದ ಕಲ್ಲಿನ ನೆಲ. ಸಿಮೆಂಟ್ ಕಾರ್ಖಾನಿ ಇಲ್ಲಿ ಸುಮ್ಮನ ಬಂದಿಲ್ಲ, ಪರಸಿ ಕಲ್ಲೂ ಸುಮ್ಮನ ಸಿಗೂದಿಲ್ಲ. ಆ ನೆಲದ ಬೋರ್ ನೀರು ಕಾಸಿದ ಪಾತ್ರಿ ತಳಕ್ಕ ಬೆಳ್ಳಗ ಕೂಡ್ತದಲ್ಲ, ರೇಡಿಯೇಟರ್ ಟ್ಯೂಬಿನೊಳಗೂ ಅದ ಕೂಡ್ತದ. ಡ್ರೈವರ್ ಮಂದಿ ನೀರು ಕಮ್ಮಿ ಆದಾಗೆಲ್ಲ ಧಾಬಾದ ನಳದಿಂದ ಬಾಟ್ಲಿ ತುಂಬಿ ಸುರೀತಾರ. ಹಳೇ ಗಾಡಿದು ಬಿಚ್ಚಿ ನೋಡಿದ್ರ ಕಡ್ಡಿನೂ ಹೋಗದಷ್ಟು ಟ್ಯೂಬ್ ಮುಚ್ಚಿರ್ತಾವ. ಮ್ಯಾಲಿಂದ ನೋಡಿದ್ರ ಏನೂ ಗೊತ್ತಾಗೂದಿಲ್ಲ, ನೀರು ಫುಲ್ ಕಾಣ್ತದ. ಗಾಡಿ ಬಿಸಿ ಇದ್ದಾಗ ಬಂದ್ ಮಾಡಿ, ಫ್ಯಾನಿನ ಕಡೆ ಕೈ ಹಾಕದ ಮುಂದಿನಿಂದ ರೇಡಿಯೇಟರ್ ಮ್ಯಾಲ ಹುಷಾರಿಯಿಂದ ಕೈ ಆಡಿಸ್ರಿ. ನಡುವ ಒಂದು ಪಟ್ಟಿ ತಣ್ಣಗ ಹತ್ತಿದ್ರ ಅಲ್ಲಿ ನೀರು ಓಡಾಡವಲ್ದು ಅಂತ ತಿಳ್ಕೋರಿ.

ತಾಮ್ರ-ಹಿತ್ತಾಳಿದು ಇದ್ರ ಟ್ಯಾಂಕ್ ಬಿಚ್ಚಿ ಟ್ಯೂಬಿನಾಗ ಸಳಿ ಹಾಕಿ ಸ್ವಚ್ಛ ಮಾಡಿ ಮತ್ತ ಬೆಸೀಬಹುದು. ಅಲ್ಯೂಮಿನಿಯಂಗೆ ಪ್ಲಾಸ್ಟಿಕ್ ಟ್ಯಾಂಕ್ ಹಚ್ಚಿದ್ದು ಇದ್ರ ಹೊಸದು ಹಾಕೂದು ಛಲೋ. ಆಸಿಡ್ ಹಾಕಿ ತೊಳದು ಕೊಡ್ತೀವಿ ಅಂದವರ ಕಡೆ ಹೋಗಬ್ಯಾಡ್ರಿ, ಅದು ಅಲ್ಯೂಮಿನಿಯಂನ ತಿಂತದ. ಹೊರಗಿನ ಜಾಳಿಗಿನೂ ನೋಡ್ರಿ. ತೊಗರಿ ರಾಶಿ ಟೈಮಿನ ಹೊಟ್ಟು, ಧೂಳು ಅಲ್ಲೇ ಕೂತಿರ್ತದ. ಎಂಜಿನ್ ಕಡೆಯಿಂದ ಮುಂದಕ್ಕ ನೀರು ಬಿಟ್ಟು ತೊಳೀರಿ, ಪ್ರೆಷರ್ ಜೋರು ಇಟ್ರ ಜಾಳಿಗಿ ಮಲಗಿಬಿಡ್ತದ.

ಈಗ ವಾಲ್ವಿನ ಮಾತು. ಬಿಸಿಲ ನಾಡು, ವಾಲ್ವ್ ಯಾಕ ಬೇಕು ಅಂತ ಕಿತ್ತು ಒಗಿಯೂ ರೂಢಿ ನಮ್ಮ ಕಡೆ ಭಾಳ ಅದ. ಇದು ನನಗ ಒಟ್ಟ ಸೇರೂದಿಲ್ಲ. ಭಾಳ ಎಂಜಿನ್‌ದಾಗ ವಾಲ್ವ್ ಪೂರ್ತಿ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿ ಮುಚ್ಚತದ. ವಾಲ್ವ್ ಇಲ್ಲಂದ್ರ ಬೈಪಾಸ್ ಯಾವಾಗಲೂ ತೆರೆದಿರ್ತದ. ಆಗ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದ ತಿರುಗಿ ಎಂಜಿನ್ನಿಗೇ ಬರ್ತದ. ಲೋಡ್ ಬಿದ್ದಾಗ ತ್ರಾಸು ಹೆಚ್ಚಾಗೂದು ಇದರಿಂದನೂ ಇರಬಹುದು. ಕಂಪನಿ ಹೇಳಿದ ಡಿಗ್ರಿದ್ದೇ ಹೊಸ ವಾಲ್ವ್ ಹಾಕಿಸ್ರಿ.

ರೇಡಿಯೇಟರ್ ಕ್ಯಾಪ್ ಹೊಸದು ತಗೋರಿ, ಅದರ ಮ್ಯಾಲ ಬರೆದ ನಂಬರ್ ಹಳೇದಕ್ಕ ಹೊಂದಬೇಕು. 0.9 ಅಂತ ಇದ್ರ ಒಳಗ 0.9 ಬಾರ್ ಒತ್ತಡ ಹಿಡೀತದ, ಬರೇ ನೀರೂ ಸುಮಾರು 118 ಡಿಗ್ರಿ ತನಕ ಕುದಿಯೂದಿಲ್ಲ. ರಬ್ಬರ್ ಸತ್ತ ಕ್ಯಾಪ್ ಇದ್ರ ನೂರರ ಹತ್ತಿರನೇ ಕುದ್ದು ಹೊರಗ ಬರ್ತದ. ಅರ್ಧ ಕೂಲಂಟ್, ಅರ್ಧ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ಹಾಕ್ರಿ. ಬೋರ್ ನೀರಿನ ಸುದ್ದಿ ಬಿಡ್ರಿ.

ಏರಿನಾಗ ಸ್ಪೀಡ್ ಇರೂದಿಲ್ಲ, ಗಾಳಿ ತರೂದು ಫ್ಯಾನೇ. ವಿಸ್ಕಸ್ ಫ್ಯಾನ್ (ಬಿಸಿ ಆದಾಗ ತಾನೇ ಬಿಗಿ ಹಿಡಿದು ಜೋರು ತಿರುಗೂದು) ಇದ್ರ, ಗಾಡಿ ಪೂರಾ ಬಿಸಿ ಆದಮ್ಯಾಲ ಬಂದ್ ಮಾಡಿ, ಚಾವಿ ತೆಗೆದು ಕೈಲೇ ತಿರುಗಿಸಿ ನೋಡ್ರಿ. ತಡಿ ಇಲ್ಲದ ಗಿರಗಿರ ತಿರುಗಿದ್ರ ಅದು ಹೋಗ್ಯದ. ಬೆಲ್ಟ್ ಸಡಿಲ ಇರಬಾರದು, ಫ್ಯಾನಿನ ಸುತ್ತಿನ ಕವಚ ಒಡೆದಿರಬಾರದು.

ಓಡಿಸೂ ಕೈನೂ ಒಂದಿಷ್ಟು ಬದಲಾಗಬೇಕು. ಟಾಪ್ ಗೇರಿನಾಗ ಒದ್ದಾಡಿಸಿ ಎಳೀಬ್ಯಾಡ್ರಿ, ಮೂರನೇದಕ್ಕ ಇಳಿಸ್ರಿ. ಎಂಜಿನ್ ಜೋರು ತಿರುಗಿದಷ್ಟು ವಾಟರ್ ಪಂಪ್, ಫ್ಯಾನ್ ಎರಡೂ ಜೋರು ತಿರುಗ್ತಾವ. ಟ್ರಾಲಿ ಟೈರಿನ ಹವಾ ನೋಡ್ರಿ. ಹತ್ತು ಕಿಲೋಮೀಟರ್ ಹೋಗಿ ನಿಂತು ಅದರ ಗಾಲಿ ನಡುವಿನ ಹಬ್ ಹತ್ರ ಕೈ ಒಯ್ಯಿರಿ, ಒಂದು ಕಡೆ ಸುಡ್ತಿದ್ರ ಬೇರಿಂಗ್ ಇಲ್ಲಾ ಬ್ರೇಕ್ ಹಿಡದದ. ಅದನ್ನೂ ನಿಮ್ಮ ಎಂಜಿನ್ನೇ ಎಳ್ಯಾಕತ್ತದ.

ಮುಳ್ಳು ಏರಲಿಕ್ಕೆ ಹತ್ತಿತು, ಹಬಿ ಇನ್ನೂ ಬಂದಿಲ್ಲ ಅಂದ್ರ ಏಸಿ ಬಂದ್ ಮಾಡಿ, ಹೀಟರ್ ಇದ್ರ ಫುಲ್ ಬಿಡ್ರಿ (ಮೇ ತಿಂಗಳ ಬಿಸಿಲಾಗ ಹೀಟರ್ ಅಂದ್ರ ಬಾಜೂಕ ಕೂತಾಂವ ಬೈತಾನ, ಬೈಲಿ), ಬದಿಗೆ ನಿಂತು ಎಂಜಿನ್ ಚಾಲೂ ಇಟ್ಟು ಸ್ವಲ್ಪ ರೇಸ್ ಕೊಡ್ರಿ. ಹಬಿ ಬಂತು, ನೀರು ಹೋತು ಅಂದ್ರ ತಕ್ಷಣ ಬಂದ್ ಮಾಡ್ರಿ. ಅರ್ಧ-ಮುಕ್ಕಾಲು ತಾಸು ಕ್ಯಾಪ್ ಮುಟ್ಟಬ್ಯಾಡ್ರಿ, ಮಾರಿ ಸುಟ್ಟುಕೊಂಡವರನ್ನ ಕಂಡೀನಿ. ಕಾದ ಎಂಜಿನ್ನಿಗೆ ತಣ್ಣೀರು ಸುರದ್ರ ಹೆಡ್ ಸೀಳಬಹುದು.

ಹೆಡ್ ಕೆಳಗಿನ ಗ್ಯಾಸ್ಕೆಟ್‌ದ (ಸೀಲ್) ಶುರುವಿನ ಲೀಕೂ ಲೋಡಿನಾಗ ಅಷ್ಟ ಕಾಣಬಹುದು, ಅದು ಖರೆ. ಆದ್ರ ಅದನ್ನ ನೋಡಲಿಕ್ಕೆ ಹೆಡ್ ಇಳಿಸಬೇಕಾಗಿಲ್ಲ. ಮುಂಜಾನೆ ಪೂರಾ ತಣ್ಣಗ ಇದ್ದಾಗ ಕ್ಯಾಪ್ ತೆಗೆದು ಚಾಲೂ ಮಾಡಿ ನೋಡ್ರಿ. ನೀರಿನಾಗ ಬುಳುಬುಳು ಗುಳ್ಳಿ ನಿಲ್ಲದ ಬರಾಕತ್ತಿದ್ರ, ಇಲ್ಲಾ ಆಯಿಲ್ ಹಾಲಿನಂಗ ಆಗಿದ್ರ, ಗ್ಯಾರೇಜ್‌ನವರ ಮಾತು ಕೇಳಿ ಹೆಡ್ ಇಳಿಸ್ರಿ. ಫೇಸಿಂಗ್ (ಹೆಡ್ ತಳ ಮಟ್ಟಸ ಮಾಡೂದು) ಮಾಡಿಸದ ಬರೇ ಗ್ಯಾಸ್ಕೆಟ್ ಹಾಕಿಸಿಕೊಂಡು ಬರಬ್ಯಾಡ್ರಿ.