ಚೋಮನ ಪಾತ್ರದ ವಾಸುದೇವ ರಾವ್

ಹಳೇ ಸಿನಿಮಾ ಮತ್ತೊಮ್ಮೆ ನೋಡುವಾಗ, ಈಗ ಇಲ್ಲದ ಯಾವ ನಟರು ನಿಮ್ಗೆ ತುಂಬಾ ಕಾಡಿದ್ರು ಅಂತ ಕೇಳಿದ್ದೀರಿ. ನಂಗೆ ಎಂ.ವಿ. ವಾಸುದೇವ ರಾವ್. ನಾನು ಮಂಗಳೂರಿನವ, ಮೊನ್ನೆ ಅಮ್ಮನ ಜೊತೆ ಕೂತು ಚೋಮನ ದುಡಿ ಪೂರ್ತಿ ನೋಡಿದೆ. 1975ರ ಸಿನಿಮಾ, ನಮ್ಮ ಶಿವರಾಮ ಕಾರಂತಜ್ಜರ ಕಾದಂಬರಿ, ಡೈರೆಕ್ಷನ್ ಬಿ.ವಿ. ಕಾರಂತರದ್ದು.

ವಾಸುದೇವ ರಾವ್ ಗುಬ್ಬಿ ಕಂಪನಿ ನಾಟಕದಲ್ಲಿ ಪಳಗಿದವರು, ಹಿಂದೆ ಕೂತವರಿಗೂ ಕೇಳುವ ಹಾಗೆ ಡೈಲಾಗ್ ಹೊಡೀಬೇಕಾದ ರಂಗ ಅದು, ಅಂಥವರು ಇಲ್ಲಿ ಧಣಿಗಳ ಎದುರು ಬಗ್ಗಿ ನಿಂತು ಅರ್ಧ ಮಾತು ಬಾಯಲ್ಲೇ ನುಂಗ್ತಾರೆ ಮಾರಾಯ್ರೆ! ಚೋಮನಿಗೆ ಇರುವ ಆಸೆ ಒಂದೇ, ತುಂಡು ಗದ್ದೆ ಸಿಕ್ಕಿ ಬೇಸಾಯ ಮಾಡ್ಬೇಕು. ಜೋಡಿ ಎತ್ತು ಉಂಟು, ಉಳ್ಲಿಕ್ಕೆ ನೆಲ ಇಲ್ಲ, ಹೊಲೆಯನಿಗೆ ಯಾರೂ ಗೇಣಿಗೂ ಕೊಡುದಿಲ್ಲ. ಆ ಸಿಟ್ಟು ಸಂಕಟ ಎಲ್ಲ ಗುಡಿಸಲಿಗೆ ಬಂದ ಮೇಲೆ ದುಡಿಯ ಮೇಲೆ, ಅಂದ್ರೆ ಅವನು ಬಾರಿಸುವ ಚರ್ಮವಾದ್ಯದ ಮೇಲೆ, ಬೀಳ್ತದೆ, ಆಗ ಅವರ ಮುಖ ನೋಡ್ಬೇಕು ನೀವು. ಸಾಲ ತೀರಿಸ್ಲಿಕ್ಕೆ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುವಲ್ಲಿ ಅಮ್ಮ, "ಹೀಗೆ ಘಟ್ಟ ಹತ್ತಿದವರು ಎಷ್ಟೋ ಜನ ವಾಪಸ್ ಬರ್ಲೇ ಇಲ್ಲ" ಅಂದ್ರು. ಕೊನೆಗೆ ನೇಗಿಲನ್ನೇ ಬೆಂಕಿಗೆ ಹಾಕುವಾಗ ಇಬ್ರಿಗೂ ಮಾತಿಲ್ಲ.

ಈ ಪಾತ್ರಕ್ಕೆ ಅವ್ರಿಗೆ ಬೆಸ್ಟ್ ಆಕ್ಟರ್ ನ್ಯಾಷನಲ್ ಅವಾರ್ಡ್ ಬಂತು, ಸಿನಿಮಾಕ್ಕೆ ಬೆಸ್ಟ್ ಫಿಲ್ಮ್ ಅಂತ ಸ್ವರ್ಣ ಕಮಲ. ಅಷ್ಟಾದ ಮೇಲೂ ಕನ್ನಡದಲ್ಲಿ ಸಿಕ್ಕಿದ್ದು ಹೆಚ್ಚಾಗಿ ಚಿಕ್ಕಪುಟ್ಟ ಪಾತ್ರಗಳೇ, ಅದು ನಂಗೆ ಈಗಲೂ ಹೊಟ್ಟೆ ಉರಿಸುವ ವಿಷಯ. ಮಣಿರತ್ನಂ ಅವರ ತಮಿಳು ಸಿನಿಮಾ ನಾಯಗನ್‌ನಲ್ಲಿ ಹುಸೇನ್ ಭಾಯ್ ಆಗಿ ಬರುವ ಮುದುಕ ಇವರೇ ಅಂತ ಎಷ್ಟು ಜನಕ್ಕೆ ಗೊತ್ತುಂಟು? 2002ರಲ್ಲಿ ತೀರಿಹೋದ್ರು.

ಅವರನ್ನು ಸರಿಯಾಗಿ ಗುರುತಿಸಿದ್ದು ಬಂಗಾಳಿ ಡೈರೆಕ್ಟರ್ ಮೃಣಾಲ್ ಸೇನ್ ಅಂತ ನನ್ನ ಅಭಿಪ್ರಾಯ. 1977ರಲ್ಲಿ ತೆಲುಗಿನಲ್ಲಿ ಒಕ ಊರಿ ಕಥಾ ಮಾಡಿದ್ರು, ಪ್ರೇಮಚಂದರ ಕತೆ. ಅದರಲ್ಲಿ ಇವರದ್ದು ವೆಂಕಯ್ಯ, ದುಡಿದ್ರೆ ಧಣಿ ಹೊಟ್ಟೆ ಮಾತ್ರ ತುಂಬುದು ಅಂತ ಹೇಳಿ ಕೆಲಸವೇ ಮಾಡದ ಮುದುಕ. ದುಡೀಲಿಕ್ಕೆ ನೆಲ ಕೊಡಿ ಅಂತ ಅಂಗಲಾಚುವ ಚೋಮ ಒಂದು ಕಡೆ, ನಿಮ್ಮ ಕೆಲಸವೇ ಬೇಡ ಅಂತ ಕೂರುವ ವೆಂಕಯ್ಯ ಇನ್ನೊಂದು ಕಡೆ, ಎರಡು ವರ್ಷದ ಅಂತರದಲ್ಲಿ ಒಬ್ಬರೇ ನಟ. ಚೋಮನ ದುಡಿ ನೋಡಿದ ಮರುದಿನವೇ ಅದನ್ನೂ ಹುಡುಕಿ ನೋಡಿ, ತೆಲುಗು ಬರದಿದ್ರೂ ಅಡ್ಡಿಯಿಲ್ಲ.