ಸೊಸೆಯ ಗಂಜಿ, ಮೊಮ್ಮಗುವಿನ ಜೀನು

ಹೊಸನಗರದ ಅಮ್ಮನವರಿಗೆ ನಮಸ್ಕಾರ. ಸೊಸೆಗೆ ಎರಡು ತಿಂಗಳು, ಗಂಜಿ ಮತ್ತು ಮಿಡಿ ಉಪ್ಪಿನಕಾಯಿ ಬಿಟ್ಟು ಬೇರೇನೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಮೊದಲ ಮೂರು ತಿಂಗಳ ಊಟ ಮಗುವಿನ ಜೀನನ್ನೇ ಬದಲಿಸುತ್ತದಂತೆ, ವಾಟ್ಸಾಪಲ್ಲಿ ಬಂದಿದೆ, ನಿಜವಾ ಅಂತ ಕೇಳಿದ್ದೀರಿ.

ಅರ್ಧ ನಿಜ. ಜೀನು ಬದಲಾಗುವುದಿಲ್ಲ, ಅಪ್ಪ ಅಮ್ಮನಿಂದ ಬಂದದ್ದು ಬಂದ ಹಾಗೇ ಇರುತ್ತದೆ. ಆದರೆ ಯಾವ ಜೀನು ಎಷ್ಟು ಕೆಲಸ ಮಾಡಬೇಕು ಅನ್ನುವುದಕ್ಕೆ ಅದರ ಮೇಲೆ ಮೀಥೈಲ್ ಅನ್ನುವ ಪುಟ್ಟ ಗುರುತು ಬೀಳುತ್ತದೆ, ಬೀಜದ ಅಡಿಕೆಗೆ ಅಂತ ಮರಕ್ಕೆ ಸುಣ್ಣ ಬಳಿದ ಹಾಗೆ. ಬಸಿರಿನ ಮೊದಲ ದಿನಗಳಲ್ಲೇ ಹಳೇ ಗುರುತು ಬಹಳಷ್ಟು ಅಳಿಸಿ ಹೊಸದು ಬೀಳುತ್ತದೆ. ಅದಕ್ಕೆ ಫೋಲೇಟ್, ಬಿ12 ಅನ್ನುವ ವಿಟಮಿನ್ನುಗಳು ಬೇಕು. ಅವು ತಾಯಿಯಿಂದಲೇ ಬರಬೇಕು.

ನೆದರ್‌ಲ್ಯಾಂಡ್ಸಿನಲ್ಲಿ 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆಹಾರ ಸಾಗಣೆ ತಡೆದಿತ್ತು. ಆ ಹಸಿವಿನ ನಡುವೆ ಬಸಿರಾದವರ ಮಕ್ಕಳನ್ನು ಸುಮಾರು 60 ವರ್ಷದ ಮೇಲೆ ಪರೀಕ್ಷಿಸಿದರೆ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಜೀನಿನ ಮೇಲೆ ಈ ಗುರುತು ಅವರ ಒಡಹುಟ್ಟಿದವರಿಗಿಂತ ಕಡಿಮೆ ಇತ್ತು. ಕೊನೇ ತಿಂಗಳುಗಳಲ್ಲಿ ಹಸಿದವರ ಮಕ್ಕಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಆದರೆ ಅದು ದಿನಕ್ಕೆ 1000 ಕ್ಯಾಲೊರಿಗೂ ಕಡಿಮೆ ಪಡಿತರದಲ್ಲಿ ಬದುಕಿದವರ ಕಥೆ. ನಿಮ್ಮ ಸೊಸೆಯ ವಾಂತಿಗೂ ಅದಕ್ಕೂ ಹೋಲಿಕೆಯೇ ಇಲ್ಲ, ದಯವಿಟ್ಟು ಆ ಮೆಸೇಜನ್ನು ಅವಳಿಗೆ ತೋರಿಸಬೇಡಿ. ಸುಮ್ನೆ ಹೆದರಿಸುವ ಇಂಥವನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಷ್ಟು ದೂರ ಯಾಕೆ, ಪುಣೆ ಹತ್ತಿರದ ಹಳ್ಳಿಗಳಲ್ಲೇ ನೋಡಿದ್ದಾರೆ: ಫೋಲೇಟ್ ಜಾಸ್ತಿ ಇದ್ದು ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವರ್ಷಕ್ಕೇ ಇನ್ಸುಲಿನ್ ಉಳಿದ ಮಕ್ಕಳಷ್ಟು ಚೆನ್ನಾಗಿ ಕೆಲಸ ಮಾಡುತ್ತಿರಲಿಲ್ಲ. ಸೊಪ್ಪಿನಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನಿನಲ್ಲಿದೆ. ಗಂಜಿ ಹಿಡಿಸುತ್ತಿದೆ ಅಂದಿರಲ್ಲ, ಜೊತೆಗೆ ಎಳೇ ಬಸಳೆ ಕುಡಿಯನ್ನು ತುಪ್ಪದಲ್ಲಿ ಜೀರಿಗೆ ಹಾಕಿ ಬಾಡಿಸಿ, ಕಾಯಿ ಜೊತೆ ರುಬ್ಬಿ, ಹುಳಿ ಬರದ ಮೊಸರು ಬೆರೆಸಿ ತಂಬುಳಿ ಮಾಡಿಕೊಡಿ. ಸೊಪ್ಪನ್ನು ಜಾಸ್ತಿ ಬೇಯಿಸಿದರೆ ಫೋಲೇಟ್ ಹೋಗುತ್ತದೆ.

ಫೋಲಿಕ್ ಆಸಿಡ್ ಮಾತ್ರೆ, ಅಂದರೆ ಮಾತ್ರೆ ರೂಪದ ಫೋಲೇಟ್, ತಪ್ಪಿಸಬೇಡಿ. ಮಗುವಿನ ಮಿದುಳು, ಬೆನ್ನುಹುರಿಯಾಗುವ ಕೊಳವೆ ಮುಚ್ಚುವುದು ಗರ್ಭ ನಿಂತ ಮೊದಲ 28 ದಿನದೊಳಗೆ, ಎಷ್ಟೋ ಜನಕ್ಕೆ ಅಷ್ಟರಲ್ಲಿ ಬಸಿರು ಅಂತಲೇ ಗೊತ್ತಿರುವುದಿಲ್ಲ. ಹಾಗಾಗಿ ಮದುವೆಯಾಗಿ ಮಗು ಬೇಕು ಅನ್ನುವ ಮಗಳಿದ್ದರೆ, ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆಯನ್ನು ಅವಳು ಈಗಿನಿಂದಲೇ ಶುರು ಮಾಡಲಿ. ಸೊಸೆಗೆ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದಾ ಅಂತ ಕೊನೆಗೆ ಕೇಳಿದ್ದೀರಿ. ಇಲ್ಲ. ಹಾಲು ಒಳ್ಳೇದು, ಅದನ್ನು ಕೊಡಿ.